ಬಹರೈನಿಗೆ ಹೋದ ಮೇಲೂ ಬರುತ್ತಿದ್ದ ಎರಡು ಸಾವಿರ

ಕಾಸರಗೋಡಿನ ಬದಿಯಡ್ಕದ ಹತ್ತಿರ ನನ್ನ ಪಾಲಿಗೆ ಬಂದ ಒಂದೂವರೆ ಎಕ್ರೆ ಅಡಿಕೆ ತೋಟ ಇದೆ. 2019ರಲ್ಲಿ ತೀರ್ವೆ (ಭೂಕಂದಾಯ) ರಶೀದಿ, ಆಧಾರ್ ಎಲ್ಲ ಹಿಡಿದು ಕೃಷಿ ಭವನಕ್ಕೆ ಹೋಗಿ ರೈತರಿಗೆ ಕೇಂದ್ರ ಸರಕಾರ ದುಡ್ಡು ಕೊಡುವ ಪಿಎಂ ಕಿಸಾನ್ ಯೋಜನೆಗೆ ಹೆಸರು ಹಾಕಿಸಿದ್ದೆ. ನಾಲ್ಕು ತಿಂಗಳಿಗೊಮ್ಮೆ 2,000 ರೂಪಾಯಿ, ವರ್ಷಕ್ಕೆ 6,000. ತೋಟಕ್ಕೆ ಒಂದು ಸಲ ಮದ್ದು ಬಿಡುವ ಖರ್ಚಿಗೂ ಸಾಲದು. ಆದರೂ ಬಂದಾಗ ಖುಷಿಯೇ.

2022ರ ಜುಲೈಯಲ್ಲಿ ಕೆಲಸಕ್ಕೆಂದು ಬಹರೈನಿಗೆ ಹೋದೆ. ಈ ದುಡ್ಡಿನ ನೆನಪೇ ಇರಲಿಲ್ಲ.

ಮರುವರ್ಷ ಆಗಸ್ಟಿನಲ್ಲಿ ರಜೆಗೆ ಬಂದವನು ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ ಮಾಡಿಸಲು ಬ್ಯಾಂಕಿಗೆ ಹೋದೆ. ಕೌಂಟರಿನವರು ಪಾಸ್‌ಬುಕ್ ಪ್ರಿಂಟ್ ಹಾಕಿ, ಪೆನ್ನಿನ ತುದಿಯಿಂದ ಮೂರು ಸಾಲು ತೋರಿಸಿದರು. ಮೂರೂ 2,000. "ನೀವು ಗಲ್ಫಲ್ಲಿ ಅಲ್ವಾ? ಇದು ನಿಮಗೆ ಬರ್ಲಿಕ್ಕಿಲ್ಲ."

ಲೆಕ್ಕಪತ್ರ ನೋಡುವ ಭಾವನ ಹತ್ತಿರ ಕೇಳಿದೆ. ಆದಾಯ ತೆರಿಗೆ ಕಾನೂನಿನ ಪ್ರಕಾರ ಅನಿವಾಸಿ ಆದವರಿಗೆ ಈ ಯೋಜನೆ ಇಲ್ಲವಂತೆ. ಕೆಲಸಕ್ಕೆಂದು ವಿದೇಶಕ್ಕೆ ಹೊರಟವರು ಆ ಹಣಕಾಸು ವರ್ಷದಲ್ಲಿ 182 ದಿನ ದೇಶದಲ್ಲಿ ಇರದಿದ್ದರೆ, ಇಡೀ ವರ್ಷಕ್ಕೇ ಅನಿವಾಸಿ. ಏಪ್ರಿಲಿನಿಂದ ಲೆಕ್ಕ ಹಾಕಿದರೆ ನಾನು ಊರಲ್ಲಿ ಇದ್ದದ್ದು ಮೂರೂವರೆ ತಿಂಗಳು. ಅಂದರೆ ವಿಮಾನ ಹತ್ತುವ ಮೊದಲೇ, ಮೇ ತಿಂಗಳಲ್ಲಿ ಬಂದಿದ್ದ ಕಂತೂ ನನ್ನದಲ್ಲ! ಒಟ್ಟು 8,000.

"ಬಂದ ದುಡ್ಡನ್ನು ಯಾರಾದ್ರೂ ವಾಪಸ್ ಕೊಡ್ತಾರಾ ಮಾರಾಯಾ?" ಅಂದರು ಅಮ್ಮ. ನಾವಾಗಿ ಕೊಡದಿದ್ದರೆ ಆಮೇಲೆ ನೋಟಿಸು ಬರಬಹುದು, ಆಗ ಅಮ್ಮನೇ ಆಫೀಸು ಸುತ್ತಬೇಕು ಅಂತ ನನ್ನ ಹೆದರಿಕೆ.

ಪಿಎಂ ಕಿಸಾನ್ ಜಾಲತಾಣದಲ್ಲೇ ಹಣ ಹಿಂತಿರುಗಿಸುವ ಜಾಗ ಇದೆ. ಯೋಜನೆಯನ್ನು ತಾನಾಗಿ ಬಿಟ್ಟುಕೊಡುವ ಜಾಗ ಬೇರೆ. ಎರಡನ್ನೂ ಮಾಡಬೇಕು. ಹಣ ಮಾತ್ರ ಕಟ್ಟಿ ಸುಮ್ನೆ ಕೂತರೆ ಮುಂದಿನ ಕಂತು ಮತ್ತೆ ಬಂದು ಬೀಳಬಹುದು. ಒಟಿಪಿ ಬರುವುದು ಊರಿನ ನಂಬರಿಗೆ. ಪುಣ್ಯಕ್ಕೆ ತಮ್ಮ ಆ ಸಿಮ್ಮಿಗೆ ರೀಚಾರ್ಜ್ ಮಾಡುತ್ತಾ ಬಂದಿದ್ದ. ಮನೆಯೊಳಗೆ ರೇಂಜ್ ಇಲ್ಲ. ಹಟ್ಟಿಯ ಹಿಂದಿನ ಗುಡ್ಡೆ ಹತ್ತಿ, ಮಳೆಗೆ ಕೊಡೆ ಹಿಡಿದುಕೊಂಡು ಒಟಿಪಿ ಒತ್ತಿದೆ. ರಶೀದಿಯ ಸ್ಕ್ರೀನ್‌ಶಾಟ್ ಈಗಲೂ ಫೋನಿನಲ್ಲಿದೆ.

"ತೋಟ ನನ್ನ ಹೆಸರಿಗೆ ಬರೆದ್ರೆ ನನಗೆ ಸಿಕ್ಕೀತಾ?" ಅಂತ ಅಮ್ಮ ಕೇಳಿದರು. ಅದೂ ಆಗುವುದಿಲ್ಲ. 1-2-2019ರಂದು ಭೂಮಿ ಯಾರ ಹೆಸರಲ್ಲಿತ್ತೋ ಅವರಿಗೇ. ಹೆಸರಿದ್ದವರು ತೀರಿಹೋಗಿ ವಾರಸುದಾರರಿಗೆ ಬಂದರೆ ಮಾತ್ರ ಬೇರೆ ಮಾತು.

ಪಕ್ಕದ ಮನೆಯ ಹುಡುಗನೂ ಗಲ್ಫಲ್ಲೇ, ದುಬೈಯಲ್ಲಿ ಇರುವುದು. ಆದರೆ ತೋಟ ಅವನ ಅಪ್ಪನ ಹೆಸರಲ್ಲಿ. ಈ ಯೋಜನೆಗೆ ಕುಟುಂಬ ಅಂದರೆ ಗಂಡ, ಹೆಂಡತಿ, ಪ್ರಾಯಕ್ಕೆ ಬಾರದ ಮಕ್ಕಳು ಅಷ್ಟೇ. ಹಾಗಾಗಿ ಅಪ್ಪನಿಗೆ ಕಂತು ತಪ್ಪದೆ ಬರುತ್ತದೆ. ಇದನ್ನು ಕೇಳಿದ ಅಮ್ಮ, "ಹಾಗಾದ್ರೆ ನಾವು ಪಾಲು ಮಾಡಿದ್ದೇ ಬೇಗ ಆಯ್ತು" ಅಂದು ಒಳಗೆ ಹೋದರು.