ಟ್ರ್ಯಾಕ್ಟರ್ ಇಂಜಿನ್ ಆಯಿಲ್ ಎಲ್ಲಿಂದ ಸೋರುತ್ತಿದೆ? ಚೇಂಬರ್ ಇಳಿಸುವ ಮುನ್ನ ನೋಡಬೇಕಾದ್ದು

ಬೆಳಿಗ್ಗೆ ಗಾಡಿ ತೆಗೆದಾಗ ನೆಲದ ಮೇಲೆ ಅಂಗೈಯಗಲ ಎಣ್ಣೆ ಕಲೆ ಕಂಡರೆ ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು ‘ಚೇಂಬರ್ ಪ್ಯಾಕಿಂಗ್ ಹೋಗಿದೆ’, ಅಂದರೆ ಇಂಜಿನ್ ತಳದ ಆಯಿಲ್ ತೊಟ್ಟಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಹಾಳಾಗಿದೆ ಎಂದು. ಬಹಳ ಸಲ ಆ ಪ್ಯಾಕಿಂಗ್ ಸರಿಯಾಗಿಯೇ ಇರುತ್ತದೆ. ಎಣ್ಣೆ ಮೇಲೆಲ್ಲೋ ಹೊರಬಿದ್ದು, ಬ್ಲಾಕಿನ ಗೋಡೆ ಹಿಡಿದು ಇಳಿದು, ಫ್ಯಾನಿನ ಗಾಳಿಗೆ ಹಿಂದಕ್ಕೆ ಸರಿದು, ಕಡೆಗೆ ಚೇಂಬರಿನ ಯಾವುದೋ ಬೋಲ್ಟಿನ ತುದಿಯಿಂದ ಹನಿಯುತ್ತದೆ. ಹನಿ ಬೀಳುವ ಜಾಗ ಕಣ್ಣಿಗೆ ಕಾಣುತ್ತದೆ, ಸೋರುವ ಜಾಗವನ್ನು ಹುಡುಕಬೇಕಾಗುತ್ತದೆ. ಎಷ್ಟೋ ಮಾದರಿಗಳಲ್ಲಿ ಚೇಂಬರ್ ಬೀಡು ಕಬ್ಬಿಣದ್ದು, ಮುಂದಿನ ಆಕ್ಸಲ್‌ನ ಭಾರವನ್ನೂ ಅದೇ ಹೊರುತ್ತದೆ. ಅದನ್ನು ಇಳಿಸಿ ಕೂರಿಸಿದ ಮೇಲೂ ಸೋರಿಕೆ ನಿಲ್ಲದಿದ್ದರೆ ಕೂಲಿಯೂ ಹೋಯಿತು, ದಿನವೂ ಹೋಯಿತು. ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ ಒಂದು ದಿನ ಗಾಡಿ ನಿಂತರೆ ನಾಟಿ ಎಷ್ಟು ಹಿಂದೆ ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹುಡುಕುವುದಕ್ಕೆ ಅರ್ಧ ದಿನ ಕೊಡಿ, ಆಮೇಲೆ ಪಾನಾ ಕೈಗೆ ತೆಗೆದುಕೊಳ್ಳಿ.

ಮೊದಲು ಅದು ಇಂಜಿನ್ ಆಯಿಲ್ ಹೌದೋ ಅಲ್ಲವೋ ನೋಡಿ. ರಾತ್ರಿ ಗಾಡಿ ನಿಲ್ಲಿಸುವಾಗ ಅಡಿಗೆ ಒಂದು ದೊಡ್ಡ ರಟ್ಟು ಹಾಸಿ, ಮುಂದಿನ ಗಾಲಿ, ಹಿಂದಿನ ಗಾಲಿ ಎಲ್ಲಿ ಬರುತ್ತವೆಂದು ರಟ್ಟಿನ ಮೇಲೆ ಗುರುತು ಹಾಕಿ. ಬೆಳಿಗ್ಗೆ ಕಲೆಯ ಜಾಗ, ಬಣ್ಣ, ವಾಸನೆ ಮೂರನ್ನೂ ನೋಡಿ. ಡೀಸೆಲ್ ಇಂಜಿನ್ನಿನ ಆಯಿಲ್ ಮಸಿಯಂತೆ ಕಪ್ಪು. ಗೇರ್ ಆಯಿಲ್ ಮಂದ, ಅದಕ್ಕೆ ಗಂಧಕದಂಥ ಘಾಟು. ಹೈಡ್ರಾಲಿಕ್ ಆಯಿಲ್ ಸಾಮಾನ್ಯವಾಗಿ ತಿಳಿ. ಹೈಡ್ರಾಲಿಕ್ ಪಂಪ್ ಇಂಜಿನ್ನಿನ ಟೈಮಿಂಗ್ ಗೇರಿನಿಂದಲೇ ತಿರುಗುವ ಗಾಡಿಗಳಲ್ಲಿ ಇದರಿಂದಲೇ ಬಹಳ ಮಂದಿ ಮೋಸ ಹೋಗುತ್ತಾರೆ. ಪಂಪಿನ ಪೈಪು ಸೋರಿದರೂ ಇಂಜಿನ್ ಒದ್ದೆಯಾಗುತ್ತದೆ, ತಪ್ಪು ಇಂಜಿನ್ನಿನ ಮೇಲೆ ಬರುತ್ತದೆ.

ಆಮೇಲೆ ಡಿಪ್ ಸ್ಟಿಕ್. ಗಾಡಿ ಸಮನೆಲದ ಮೇಲೆ, ಇಂಜಿನ್ ನಿಲ್ಲಿಸಿ ಕನಿಷ್ಠ 10 ನಿಮಿಷ ಆದ ಮೇಲೆ ನೋಡಿ. ಮೇಲಿನ ಗೆರೆ ದಾಟಿ ಆಯಿಲ್ ತುಂಬಿದ್ದರೆ ಇಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್ ಅದನ್ನು ಕಡೆಯುತ್ತದೆ, ನೊರೆಯೆದ್ದು, ಒಳಗಿನ ಗ್ಯಾಸ್ ಹೊರಬಿಡುವ ಪೈಪಾದ ಬ್ರೀದರ್‌ನಿಂದ, ಸೀಲಿನಿಂದ ಹೊರಗೆ ಬರುತ್ತದೆ. ನೀವು ಹಾಕದಿದ್ದರೂ ಮಟ್ಟ ಏರುತ್ತಿದ್ದರೆ, ಕಡ್ಡಿಯ ಆಯಿಲ್ ತೆಳ್ಳಗಾಗಿ ಡೀಸೆಲ್ ವಾಸನೆ ಹೊಡೆಯುತ್ತಿದ್ದರೆ, ಫೀಡ್ ಪಂಪಿನ ಡಯಾಫ್ರಮ್ ಹರಿದೋ ಡೀಸೆಲ್ ಪಂಪಿನ ಸೀಲ್ ಹೋಗಿಯೋ ಚೇಂಬರಿಗೆ ಡೀಸೆಲ್ ಇಳಿಯುತ್ತಿದೆ. ತೆಳುವಾದ ಆಯಿಲ್ ನಿನ್ನೆಯವರೆಗೆ ಒಣಗಿದ್ದ ಜಾಗದಲ್ಲೆಲ್ಲ ಜಿನುಗುತ್ತದೆ. ಅಂಥ ಗಾಡಿಯನ್ನು ಮುಂದೆ ಓಡಿಸಬೇಡಿ, ಬೇರಿಂಗ್ ಸವೆದುಹೋಗುತ್ತವೆ. ಮೊದಲು ಡೀಸೆಲ್ ಇಳಿಯುವುದನ್ನು ನಿಲ್ಲಿಸಿ ಆಯಿಲ್ ಬದಲಿಸಿ, ಸೋರಿಕೆಯ ಮಾತು ಆಮೇಲೆ.

ಇಲ್ಲೇ ಒಂದು ಲೆಕ್ಕವನ್ನೂ ಹಾಕಿಕೊಳ್ಳಿ. ಅಂದಾಜು 30 ಹನಿ ಸೇರಿದರೆ 1 ಮಿ.ಲೀ. ಹತ್ತು ಸೆಕೆಂಡಿಗೊಂದು ಹನಿ ಬಿದ್ದರೆ ಗಂಟೆಗೆ 360 ಹನಿ, ಅಂದರೆ ಸುಮಾರು 12 ಮಿ.ಲೀ. ದಿನಕ್ಕೆ 10 ಗಂಟೆ ದುಡಿದರೆ 120 ಮಿ.ಲೀ. ಆದರೆ ಎರಡು ದಿನಕ್ಕೆ ನೀವು ಒಂದು ಲೀಟರ್ ಹಾಕುತ್ತಿದ್ದೀರಿ ಎಂದರೆ ಉಳಿದದ್ದು ನೆಲಕ್ಕೆ ಬೀಳುತ್ತಿಲ್ಲ, ಇಂಜಿನ್ ಒಳಗೇ ಉರಿಯುತ್ತಿದೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ನೋಡಿ. ಯಾವ ಪ್ಯಾಕಿಂಗ್ ಬದಲಿಸಿದರೂ ಅದು ನಿಲ್ಲುವುದಿಲ್ಲ.

ತೊಳೆಯುವ ಕೆಲಸ

ಎಲ್ಲರೂ ಬಿಡುವ ಹೆಜ್ಜೆ ಇದೇ, ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಹಳೆ ಎಣ್ಣೆ, ಎರೆಮಣ್ಣು, ಹೊಟ್ಟು, ಸಂಡೂರು ಕಡೆಯಾದರೆ ಅದಿರಿನ ಕೆಂಧೂಳು ಎಲ್ಲ ಸೇರಿ ಬ್ಲಾಕಿನ ಮೇಲೆ ಬೆರಳು ದಪ್ಪ ಕೂತಿರುತ್ತದೆ. ಅದರ ಒಳಗೇ ಎಣ್ಣೆ ಅಡ್ಡಡ್ಡ ಹರಿಯುತ್ತದೆ. ಅದನ್ನು ತೆಗೆಯದೆ ಯಾವ ಮೇಸ್ತ್ರಿಯ ಕಣ್ಣಿಗೂ ಮೂಲ ಸಿಗುವುದಿಲ್ಲ.

ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿ ಬೀಡಿನ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಡೈನಮೊ, ಸೆಲ್ಫ್ ಮೋಟಾರ್, ಏರ್ ಕ್ಲೀನರ್ ಬಾಯಿ, ಬ್ರೀದರ್, ಡಿಪ್ ಸ್ಟಿಕ್ ಕೊಳವೆ, ಇಷ್ಟನ್ನೂ ಪ್ಲಾಸ್ಟಿಕ್ ಚೀಲದಿಂದ ಕಟ್ಟಿ. ದಪ್ಪ ಮಣ್ಣನ್ನು ಮರದ ಚಕ್ಕೆಯಿಂದ ಕೆರೆಯಿರಿ. ಬಳಿಕ ಒಂದೆರಡು ಲೀಟರ್ ಡೀಸೆಲ್, ಒಂದು ಗಟ್ಟಿ ಬ್ರಷ್ ತೆಗೆದುಕೊಂಡು ಮೇಲಿನಿಂದ ಕೆಳಕ್ಕೆ ಉಜ್ಜಿ. ಪೆಟ್ರೋಲ್ ಬೇಡ, ಒಂದು ಕಿಡಿ ಸಾಕು. ಆಮೇಲೆ ಸೋಪಿನ ಪುಡಿ ಕಲಸಿದ ನೀರಿನಿಂದ ತೊಳೆದು, ಸಾದಾ ನೀರು ಹಾಕಿ, ಒಣ ಅರಿವೆಯಿಂದ ಒರೆಸಿ. ಕಂಪ್ರೆಸರ್ ಇದ್ದರೆ ಬೋಲ್ಟ್ ತಲೆಗಳ ಸಂದಿಗೆ ಗಾಳಿ ಹೊಡೆಯಿರಿ. ವಾಟರ್ ಸರ್ವಿಸಿಂಗ್‌ನಲ್ಲಿ ತೊಳೆಸುವುದಾದರೆ ಪ್ರೆಶರ್ ಗನ್ನನ್ನು ಕ್ರ್ಯಾಂಕ್ ಪುಲ್ಲಿಯ ಸೀಲಿಗೆ ನೇರ ಹಿಡಿಯಬಾರದು. ನೀರು ಮಣ್ಣಿನ ಕಣವನ್ನು ಸೀಲಿನ ತುಟಿಯೊಳಗೆ ತಳ್ಳುತ್ತದೆ, ಇಲ್ಲದ ಸೋರಿಕೆ ಹುಟ್ಟುತ್ತದೆ.

ಪೌಡರ್ ಹಾಕಿ ಓಡಿಸಿ ನೋಡುವುದು

ಒಣಗಿದ ಇಂಜಿನ್ನಿಗೆ ಮೈಗೆ ಹಾಕುವ ಟಾಲ್ಕಂ ಪೌಡರನ್ನು ತೆಳ್ಳಗೆ ಊದಿ. ಇಂಜಿನ್ನಿನ ನೆತ್ತಿಯ ಟ್ಯಾಪೆಟ್ ಕವರ್ ಅಂಚು, ಅದರ ಕೆಳಗಿನ ಸಿಲಿಂಡರ್ ಹೆಡ್ ಬ್ಲಾಕಿಗೆ ಸೇರುವ ಜಾಗ, ಡೀಸೆಲ್ ಪಂಪಿನ ಬುಡ, ಫಿಲ್ಟರ್ ಕೂರುವ ಹೆಡ್, ಇಂಜಿನ್ನಿನ ಮುಂದಿನ ಟೈಮಿಂಗ್ ಕವರ್, ಚೇಂಬರಿನ ಸುತ್ತ. ರಂಗೋಲಿ ಪುಡಿ ಬಳಸಬೇಡಿ, ಅದು ಕಲ್ಲಿನ ಪುಡಿ, ಸೀಲನ್ನೂ ಬೆಲ್ಟನ್ನೂ ತಿನ್ನುತ್ತದೆ. ಫ್ಯಾನ್ ಬೆಲ್ಟ್ ಹತ್ತಿರ ಪೌಡರ್ ಹಾಕಿ ಪ್ರಯೋಜನವಿಲ್ಲ, ಗಾಳಿಗೆ ಹಾರುತ್ತದೆ. ಅಲ್ಲಿ ಬಿಳಿ ಹಾಳೆಯ ತುಂಡು ಹಿಡಿದು ನೋಡುವುದೇ ಲೇಸು.

ಈಗ ಸ್ಟಾರ್ಟ್ ಮಾಡಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಹಾಕಿರಲಿ, ಪಿಟಿಒ (ಹಿಂದಿನ ಉಪಕರಣ ತಿರುಗಿಸುವ ಶಾಫ್ಟ್) ಆಫ್ ಆಗಿರಲಿ, ಹೆಗಲ ಮೇಲಿನ ಟವೆಲ್ ತೆಗೆದಿಡಿ. 5 ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ನೋಡಿ, ಬಳಿಕ 1500 ಆರ್‌ಪಿಎಂಗೆ ಏರಿಸಿ 10 ನಿಮಿಷ. ಏನೂ ಕಾಣದಿದ್ದರೆ ಅರ್ಧ ಗಂಟೆ ರೋಟವೇಟರ್ ಹೊಡೆದು ಬನ್ನಿ. ಕೆಲವು ಸೋರಿಕೆಗಳು ಆಯಿಲ್ ಕಾದು ತೆಳ್ಳಗಾಗಿ ಲೋಡ್ ಬಿದ್ದಾಗ ಮಾತ್ರ ಹೊರಬರುತ್ತವೆ. ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಸೋರುವುದು ಬೆಳಗಿನ ತಂಪಿನಲ್ಲಿ ಸೋರದೇ ಇರಬಹುದು.

ಕಾಣಿಸುವುದು ಹೀಗೆ: ಟ್ಯಾಪೆಟ್ ಕವರಿನ ಹಿಂಭಾಗದ ಮೂಲೆಯಲ್ಲಿ ಬಿಳಿ ಪೌಡರ್ ಮೊದಲು ಬೂದು ಬಣ್ಣಕ್ಕೆ ತಿರುಗುತ್ತದೆ, ಸಾಸಿವೆಯಷ್ಟು. ಸ್ವಲ್ಪ ಹೊತ್ತಿಗೆ ಅದು ಮಿನುಗುತ್ತದೆ. ಅಲ್ಲಿಂದ ದಾರದಂಥ ಕಪ್ಪು ಗೆರೆ ಹೆಡ್ಡಿನ ಅಂಚಿಗೆ ಇಳಿದು, ಅಂಚಿನುದ್ದಕ್ಕೆ ನಾಲ್ಕು ಬೆರಳು ಅಡ್ಡ ಹೋಗಿ, ಡೀಸೆಲ್ ಪಂಪಿನ ಹಿಂದೆ ಮರೆಯಾಗಿ, ಚೇಂಬರಿನ ಮೂರನೇ ಬೋಲ್ಟಿನಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಕೆಳಗಿನ ಹನಿಯಿಂದ ಶುರುಮಾಡಿ ಗೆರೆ ಹಿಡಿದು ಮೇಲಕ್ಕೆ ಹೋಗಿ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದು, ಎಲ್ಲಕ್ಕಿಂತ ಮುಂದಿರುವುದು, ಅಲ್ಲೇ ಮೂಲ. ಕಣ್ಣು ಹೋಗದ ಸಂದಿಗೆ ಮೊಬೈಲ್ ಟಾರ್ಚ್ ಹಾಕಿ ವಿಡಿಯೊ ಮಾಡಿ.

ಬೆಲ್ಟ್, ಫ್ಯಾನ್, ರೇಡಿಯೇಟರಿನ ಒಳಮೈ ಒದ್ದೆಯಾಗಿ, ಪುಲ್ಲಿಯ ಸುತ್ತ ಚಕ್ರಾಕಾರದಲ್ಲಿ ಎಣ್ಣೆ ಸಿಡಿದಿದ್ದರೆ ಮುಂದಿನ ಕ್ರ್ಯಾಂಕ್ ಸೀಲ್. ಪುಲ್ಲಿ ತೆಗೆದಾಗ ಸೀಲ್ ಓಡಾಡುವ ಜಾಗಕ್ಕೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲ್ ಒಂದನ್ನೇ ಹಾಕಿದರೆ ಬಾಳುವುದಿಲ್ಲ. ಆ ಜಾಗಕ್ಕೆ ತೆಳು ಲೋಹದ ಸ್ಲೀವ್ ಹಾಕಿಸಿ, ಇಲ್ಲವೇ ಜಾಗ ಇದ್ದರೆ ಸೀಲನ್ನು ಒಂದೆರಡು ಮಿ.ಮೀ. ಒಳಗೆ ಅಥವಾ ಹೊರಗೆ ಕೂರಿಸಿ ತುಟಿಗೆ ಹೊಸ ದಾರಿ ಕೊಡಿ. ತುಟಿಗೆ ಆಯಿಲ್ ಸವರದೆ ಒಣದಾಗಿ ಕೂರಿಸಿದ ಸೀಲ್ ಮೊದಲ ಸ್ಟಾರ್ಟಿನಲ್ಲೇ ಸುಡುತ್ತದೆ.

ಆಯಿಲ್ ಪ್ರೆಶರ್ ಸ್ವಿಚ್ಚಿನ ವೈರ್ ಕಳಚಿ ನೋಡಿ. ತುದಿಯಲ್ಲಿ ಎಣ್ಣೆ ಇದ್ದರೆ ಸ್ವಿಚ್ಚಿನ ಒಳಗಿನಿಂದಲೇ ಬರುತ್ತಿದೆ. ಫಿಲ್ಟರ್ ಬದಲಿಸಿದ ಮರುದಿನವೇ ಸೋರಿಕೆ ಶುರುವಾಗಿದ್ದರೆ ಹಳೆ ಫಿಲ್ಟರಿನ ರಬ್ಬರ್ ವಾಷರ್ ಫಿಲ್ಟರ್ ಕೂರುವ ಹೆಡ್ಡಿಗೇ ಅಂಟಿಕೊಂಡು ಎರಡೆರಡು ವಾಷರ್ ಆಗಿರಬಹುದು. ಹೊಸದಕ್ಕೆ ಆಯಿಲ್ ಸವರಿ, ರಬ್ಬರ್ ಮುಟ್ಟಿದ ಮೇಲೆ ಕೈಯಿಂದ ಮುಕ್ಕಾಲು ಸುತ್ತು ಸಾಕು. ಡ್ರೈನ್ ಪ್ಲಗ್ ಮತ್ತು ಆಯಿಲ್ ಪೈಪಿನ ಬ್ಯಾಂಜೊ (ನಡುವೆ ತೂತಿರುವ) ಬೋಲ್ಟುಗಳ ತಾಮ್ರದ ವಾಷರ್ ಒಮ್ಮೆ ಅಮುಕಿದ ಮೇಲೆ ಗಟ್ಟಿಯಾಗುತ್ತದೆ. ಹೊಸದು ಸಿಗದಿದ್ದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮೆತ್ತಗಾಗುತ್ತದೆ.

ಸೀಲ್ ಬದಲಿಸುವ ಮುನ್ನ ಬ್ರೀದರ್

ಪಿಸ್ಟನ್ ರಿಂಗ್ ದಾಟಿ ಒಂದಿಷ್ಟು ಗ್ಯಾಸ್ ಕೆಳಗೆ ಇಳಿಯುವುದು ಸಹಜ, ಅದು ಹೊರಹೋಗುವ ದಾರಿಯೇ ಬ್ರೀದರ್. ಕೆಸರುಗದ್ದೆಗೆ ಹಾಕುವ ಕಬ್ಬಿಣದ ಕೇಜ್ ವೀಲ್ ಎರಚಿದ ಕೆಸರು ಆ ಪೈಪಿನ ಬಾಯಿಗೆ ಕೂತು ಒಣಗಿದರೆ ಒಳಗೆ ಒತ್ತಡ ಹುಟ್ಟುತ್ತದೆ, ಆಯಿಲ್ ಎಲ್ಲಿ ಸಡಿಲವೋ ಅಲ್ಲಿಂದ ನೂಕಿಕೊಂಡು ಬರುತ್ತದೆ. ಒಂದೇ ಸಲ ಮೂರು ನಾಲ್ಕು ಕಡೆ ಸೋರಲು ಶುರುವಾದರೆ ಮೊದಲ ಅನುಮಾನ ಇದರ ಮೇಲೆ ಇರಲಿ. ಪೈಪ್ ಬಿಚ್ಚಿ, ತಂತಿ ಹಾಯಿಸಿ, ಡೀಸೆಲ್‌ನಲ್ಲಿ ತೊಳೆದು, ಊದಿ ನೋಡಿ. ಖರ್ಚಿಲ್ಲದ ಕೆಲಸ, ಆದರೂ ಹೊಸ ಸೀಲ್ ಹಾಕಿ ಇದನ್ನು ಬಿಟ್ಟ ಗಾಡಿಗಳು ತಿಂಗಳೊಳಗೆ ಮತ್ತೆ ಗ್ಯಾರೇಜಿಗೆ ಬರುತ್ತವೆ.

ಬ್ರೀದರ್ ಸ್ವಚ್ಛವಿದ್ದರೂ ಒತ್ತಡ ಇದೆಯೇ ಎಂದು ತಿಳಿಯಲು ಐಡ್ಲಿಂಗ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು, ಅದನ್ನು ಬೋರಲಾಗಿ ಆ ಬಾಯಿಯ ಮೇಲೆ ಸುಮ್ಮನೆ ಇಡಿ. ಸಣ್ಣಗೆ ನಡುಗಿದರೆ ಚಿಂತೆಯಿಲ್ಲ. ಹಾರಿ ಬಿದ್ದರೆ, ಹೊಗೆ ಭಕ್ ಭಕ್ ಎಂದು ಬಂದರೆ ರಿಂಗು, ಲೈನರ್ ಸವೆದಿವೆ. ಅಲ್ಲಿ ಸೀಲಿಗೆ ಹಾಕುವ ದುಡ್ಡು ದಂಡ.

ಇಂಜಿನ್ ಮತ್ತು ಗೇರ್ ಬಾಕ್ಸ್ ನಡುವಿನಿಂದ ಹನಿದರೆ

ಕ್ಲಚ್ ಹೌಸಿಂಗ್ ತಳದಲ್ಲಿ ಒಂದು ತೂತು ಇರುತ್ತದೆ, ಕೆಲವದರಲ್ಲಿ ಸ್ಪ್ಲಿಟ್ ಪಿನ್ ನೇತಾಡುತ್ತದೆ. ಅಲ್ಲಿಂದ ಕಪ್ಪು ಆಯಿಲ್ ಬಂದರೆ ಕ್ರ್ಯಾಂಕಿನ ಹಿಂದಿನ ಸೀಲ್ ಅಥವಾ ಕ್ಯಾಮ್ ಶಾಫ್ಟ್ ಹಿಂದಿನ ಪ್ಲಗ್, ಘಾಟಿನ ಮಂದ ಎಣ್ಣೆ ಬಂದರೆ ಗೇರ್ ಬಾಕ್ಸಿನ ಸೀಲ್. ಕೆಸರಿಗೆ ಇಳಿಸುವಾಗ ಈ ತೂತಿಗೆ ಪ್ಲಗ್ ಹಾಕುವ ಮಾದರಿಗಳಿವೆ. ನಾಟಿ ಮುಗಿದ ಮೇಲೆ ಅದನ್ನು ತೆಗೆಯಲೇಬೇಕು. ಮರೆತರೆ ಸೋರಿದ ಎಣ್ಣೆ ಒಳಗೇ ನಿಲ್ಲುತ್ತದೆ, ಕ್ಲಚ್ ಪ್ಲೇಟ್ ಒದ್ದೆಯಾಗಿ ಜಾರತೊಡಗುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ.

ಹಿಂದಿನ ಸೀಲಿಗೆ ಇಂಜಿನ್ನನ್ನೂ ಗೇರ್ ಬಾಕ್ಸನ್ನೂ ಬೇರೆ ಮಾಡಬೇಕು. ಹಾಗಾಗಿ ಟ್ಯಾಪೆಟ್ ಕವರಿನ ಎಣ್ಣೆ ಬ್ಲಾಕಿನ ಹಿಂಭಾಗದಿಂದ ಇಳಿದು ಅದೇ ಜಾಗಕ್ಕೆ ಬರುತ್ತಿಲ್ಲ ಎಂಬುದನ್ನು ಪೌಡರ್ ಹಾಕಿ ಇನ್ನೊಮ್ಮೆ ನೋಡಿ. ಕ್ಲಚ್ ಜಾರುತ್ತಿಲ್ಲ, ದಿನಕ್ಕೆ ಹತ್ತಿಪ್ಪತ್ತು ಹನಿ ಅಷ್ಟೇ ಎಂದಾದರೆ ಮಟ್ಟ ನೋಡಿಕೊಂಡು ಹಂಗಾಮು ಮುಗಿಸಿ. ಮುಂದೆ ಕ್ಲಚ್ ಪ್ಲೇಟಿಗೆ ಬಿಚ್ಚುವಾಗ ಸೀಲನ್ನೂ ಸೇರಿಸಿ ಹಾಕಿಸಿದರೆ ಒಂದೇ ಕೂಲಿ.

ಮೂಲ ಸಿಕ್ಕ ಮೇಲೆ ಬೋಲ್ಟನ್ನು ಇನ್ನಷ್ಟು ಬಿಗಿದು ನಿಲ್ಲಿಸುವ ಆಸೆ ಬರುತ್ತದೆ. ಕಾರ್ಕ್ ಪ್ಯಾಕಿಂಗ್ ಅತಿ ಬಿಗಿದರೆ ಸೀಳಿ ಹೊರಗೆ ಉಬ್ಬುತ್ತದೆ, ತಗಡಿನ ಕವರ್ ಬೋಲ್ಟಿನ ಸುತ್ತ ಗುಂಡಿ ಬೀಳುತ್ತದೆ. ಸಣ್ಣ ಪಾನಾದಲ್ಲಿ ನಡುವಿನಿಂದ ಎರಡೂ ಬದಿಗೆ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸಿಲಿಕಾನ್ ಪೇಸ್ಟ್ ಹಚ್ಚುವುದಾದರೆ ತೆಳ್ಳಗೆ ಒಂದು ಗೆರೆ. ದಪ್ಪ ಹಚ್ಚಿದ್ದು ಒಳಗೂ ಅಷ್ಟೇ ಹಿಂಡಿಕೊಂಡು, ತುಂಡಾಗಿ ಬಿದ್ದು, ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ, ಆಗ ಹೋಗುವುದು ಇಂಜಿನ್ನೇ. ಪೇಸ್ಟ್ ಒಣಗಲು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಮತ್ತೆ ಪೌಡರ್ ಊದಿ, ಎರಡು ಗಂಟೆ ದುಡಿಸಿ ನೋಡಿ. 10 ಗಂಟೆ ಓಡಿದ ಮೇಲೆ ಇಂಜಿನ್ ತಣ್ಣಗಿರುವಾಗ ಹೊಸ ಪ್ಯಾಕಿಂಗಿನ ಬೋಲ್ಟುಗಳನ್ನು ಒಂದು ಸಲ ಮುಟ್ಟಿ ನೋಡಿ, ಪ್ಯಾಕಿಂಗ್ ಕೂತು ಸ್ವಲ್ಪ ಸಡಿಲವಾಗಿರುತ್ತವೆ.