ಬಾಕಿ ಬರುವ ತನಕ ಶಟರ್ ವರ್ಕ್‌ಶಾಪಿನಲ್ಲೇ ಇರಲಿ

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಹತ್ತಿರ ನಮ್ಮದೊಂದು ಸಣ್ಣ ವರ್ಕ್‌ಶಾಪ್. ಕಿಚನ್, ವಾರ್ಡ್‌ರೋಬ್ ಮಾಡಿ ಸೈಟಿನಲ್ಲಿ ಕೂರಿಸಿ ಕೊಡುತ್ತೇವೆ. ಕೊನೆ ಕಂತಿಗೆ ಅಲೆಸುವ ಪಾರ್ಟಿ ಈ ಲೈನಿನಲ್ಲಿ ಎಲ್ಲರಿಗೂ ಸಿಗುತ್ತಾರೆ. ಹೊಸದಾಗಿ ಕಾಂಟ್ರಾಕ್ಟ್ ಹಿಡಿಯುವ ಹುಡುಗರು “ಅಣ್ಣಾ, ಮನೆ ಮೇಲೇ ಲೀನ್ ಹಾಕಬಹುದಂತೆ, ಹೌದಾ?” ಅಂತ ಕೇಳುತ್ತಾರೆ.

ಲೀನ್ ಅಂದರೆ ಬಾಕಿಗಾಗಿ ಆಸ್ತಿಯ ಮೇಲೆ ಬೀಳುವ ಹಕ್ಕು; ಮನೆ ಮೇಲೆ ಅದನ್ನು ಹಾಕುವುದು ಅಮೆರಿಕದ ಕಥೆ. ಅಲ್ಲಿ ದುಡ್ಡು ಸಿಗದ ಕಾಂಟ್ರಾಕ್ಟರ್ ಗಡುವಿನೊಳಗೆ ಕಾಗದ ಸಲ್ಲಿಸಿದರೆ ಆಸ್ತಿಯ ಮೇಲೆಯೇ ಬಾಕಿ ದಾಖಲಾಗುತ್ತದೆ. ಅದನ್ನು ತೀರಿಸದೆ ಮನೆ ಮಾರುವುದು ಕಷ್ಟ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಬಿಲ್ ಹಿಡಿದುಕೊಂಡು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋದರೆ ಇಸಿಯಲ್ಲಿ (ಆಸ್ತಿಯ ಋಣಭಾರ ಪತ್ರದಲ್ಲಿ) ನಿಮ್ಮ ಹೆಸರು ಬರಲ್ಲ.

ನಮಗಿರುವುದು ಕೈಯಲ್ಲಿರುವ ಮಾಲಿನ ಮೇಲಿನ ಹಿಡಿತ. ಪಾರ್ಟಿಯೇ ಪ್ಲೈವುಡ್ ತಂದುಕೊಟ್ಟಿದ್ದರೆ, ಹೇಳಿದ ಹಾಗೆ ಕೆಲಸ ಮುಗಿಸಿದ ಮೇಲೆ ಮಜೂರಿ ಬರುವ ತನಕ ಮಾಲನ್ನು ಇಟ್ಟುಕೊಳ್ಳಬಹುದು. 1872ರ ಕರಾರು ಕಾಯ್ದೆಯ 170ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಆದರೆ ಇಟ್ಟುಕೊಳ್ಳಬಹುದು ಅಷ್ಟೇ, ಮಾರುವ ಹಾಗಿಲ್ಲ. ನಿಮ್ಮ ಮಾಲನ್ನೇ ಮಾರಿದ್ದರೆ, ದುಡ್ಡು ಬರುವ ತನಕ ಅದನ್ನು ತಡೆಹಿಡಿಯಲು 1930ರ ಸರಕು ಮಾರಾಟ ಕಾಯ್ದೆಯ 47ನೇ ಸೆಕ್ಷನ್ ಇದೆ. ಎರಡಕ್ಕೂ ಮಾಲು ನಿಮ್ಮ ವಶದಲ್ಲೇ ಇರಬೇಕು. ಉದ್ರಿ ಕೊಡಲು ಒಪ್ಪಿದ್ದರೆ ಆ ಅವಧಿ ಮುಗಿಯುವ ತನಕ ತಡೆಯುವಂತಿಲ್ಲ.

ಆದ್ದರಿಂದ ಕಂತುಗಳನ್ನು ಮಾಲು ಹೊರಡುವ ಲೆಕ್ಕಕ್ಕೇ ಹೊಂದಿಸಿ. ನಾನು ಅಡ್ವಾನ್ಸ್ ಬಂದ ಮೇಲೆ ಕಪಾಟಿನ ಬಾಕ್ಸ್ ಕಟಿಂಗ್ ಶುರು ಮಾಡುತ್ತೇನೆ. ಬಾಕ್ಸ್ ಗೋಡೆಗೆ ಕೂತ ದಿನ ಎರಡನೇ ಕಂತು, ಅದೇ ದೊಡ್ಡದು. ಶಟರ್ (ಕಪಾಟಿನ ಬಾಗಿಲು), ಡ್ರಾಯರ್ ಚಾನೆಲ್, ಹ್ಯಾಂಡಲ್ ಎಲ್ಲ ಅದು ಬರುವವರೆಗೂ ವರ್ಕ್‌ಶಾಪಿನಲ್ಲೇ. ಬಾಗಿಲಿಲ್ಲದ ಕಿಚನ್ನಿನಲ್ಲಿ ಹಾಲು ಉಕ್ಕಿಸಲು ಯಾರಿಗೆ ಮನಸ್ಸು ಬರುತ್ತೆ? ಮುಹೂರ್ತ ಹತ್ತಿರ ಬಂದ ಹಾಗೆ ಫೋನ್ ಅವರ ಕಡೆಯಿಂದಲೇ ಬರುತ್ತದೆ. ಆದರೆ “ಎರಡನೇ ಕಂತು ಬಂದ ನಂತರ ಶಟರ್ ಕಳಿಸಲಾಗುವುದು” ಅಂತ ಕೊಟೇಷನ್ನಿನಲ್ಲೇ ಬರೆದು ಸಹಿ ಹಾಕಿಸಿರಬೇಕು. ಇಲ್ಲದಿದ್ದರೆ ಅರ್ಧಕ್ಕೆ ಕೆಲಸ ಬಿಟ್ಟ ಅಂತ ನಿಮ್ಮ ಮೇಲೇ ತಿರುಗುತ್ತದೆ.

ಕೂರಿಸಿದ್ದನ್ನು ಮಾತ್ರ ಸಿಟ್ಟಿನಲ್ಲಿ ಬಿಚ್ಚಿಕೊಂಡು ಬರಬೇಡಿ. ದುಡ್ಡು ನಿಮಗೇ ಬರಬೇಕಿದ್ದರೂ ಸ್ಟೇಷನ್ ಮೆಟ್ಟಿಲು ಹತ್ತುವುದು ನೀವೇ.

ಮಾಲು ಕೈಬಿಟ್ಟ ಮೇಲೆ ಉಳಿಯುವುದು ಕಾಗದ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಯನ್ನು ಕೆಲಸ ಹಿಡಿಯುವ ಮುಂಚೆಯೇ ಮಾಡಿಸಿ, ಅದಕ್ಕೆ ಫೀಸಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ ಸಣ್ಣ ಉದ್ಯಮದವರ ಬಾಕಿಯನ್ನು 45 ದಿನಕ್ಕಿಂತ ಜಾಸ್ತಿ ಎಳೆಯುವಂತಿಲ್ಲ. ಎಳೆದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರನ್ನು ಎಂಎಸ್‌ಎಂಇ ಇಲಾಖೆಯ ಆನ್‌ಲೈನ್ ಪೋರ್ಟಲ್ಲಿನಲ್ಲಿ ಹಾಕಬಹುದು. ಒಂದು ತೊಡಕಿದೆ: ಮಾಲು, ಕೆಲಸ ಎರಡೂ ಸೇರಿದ ವರ್ಕ್ಸ್ ಕಾಂಟ್ರಾಕ್ಟ್ ಇದರಡಿ ಬರಲ್ಲ ಅಂತ ಕೆಲವು ಹೈಕೋರ್ಟ್ ತೀರ್ಪುಗಳಿವೆ. ಬಿಲ್ ಹೇಗೆ ಬರೆಯಬೇಕು ಅಂತ ವಕೀಲರನ್ನೂ ಆಡಿಟರನ್ನೂ ಮೊದಲೇ ಕೇಳಿಕೊಳ್ಳಿ.

ಚೆಕ್ ಬೌನ್ಸ್ ಆದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಹೋಗಬೇಕು. ನೋಟಿಸ್ ಕೈಸೇರಿ 15 ದಿನವಾದರೂ ದುಡ್ಡು ಬರದಿದ್ದರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿಗೆ ದೂರು.

ಸಿವಿಲ್ ದಾವೆಗೆ ಸಾಮಾನ್ಯವಾಗಿ ಕೆಲಸ ಮುಗಿದ ದಿನದಿಂದ ಮೂರು ವರ್ಷ ಗಡುವು. “ಮುಂದಿನ ತಿಂಗಳು ನೋಡೋಣ” ಅಂತ ಸುಮ್ನೆ ದಿನ ತಳ್ಳುವವರ ಹತ್ತಿರ “ಇಷ್ಟು ಬಾಕಿ ಇದೆ” ಅಂತ ತಾರೀಖು ಹಾಕಿ ಸಹಿ ಮಾಡಿಸಿಕೊಳ್ಳಿ. ಗಡುವು ಮುಗಿಯುವ ಮುಂಚೆ ಆ ಸಹಿ ಬಿದ್ದರೆ ಮೂರು ವರ್ಷದ ಎಣಿಕೆ ಅಂದಿನಿಂದ ಹೊಸದಾಗಿ ಶುರು.