ಆರು ಕಾಲ್, ಒಂದು ಬ್ಯಾಕಪ್

ಮಂಡ್ಯದ ವಿ.ವಿ. ರಸ್ತೆ ಹತ್ತಿರ ಡ್ರಿಪ್ ಪೈಪ್ ಮಾರುವ ಒಂದು ಆಫೀಸಿನ ನೆಟ್‌ವರ್ಕ್ ನಾನು ನೋಡಿಕೊಳ್ಳುತ್ತೇನೆ. ಆರು ಜನ ಐಪಿ ಫೋನಿನಲ್ಲಿ (ಇಂಟರ್‌ನೆಟ್ ಮೂಲಕ ಮಾತಾಡುವ ಫೋನು) ರೈತರ ಆರ್ಡರ್ ಬರೆದುಕೊಳ್ಳುತ್ತಾರೆ. ಬೆಳಿಗ್ಗೆ ಎಲ್ಲ ಸರಿ. ಸಂಜೆ ನಾಲ್ಕಾದರೆ ಮಾತು ತುಂಡು ತುಂಡು. "ಬಾವಿಯೊಳಗಿಂದ ಮಾತಾಡ್ದಂಗೆ ಕೇಳ್ತದಲ್ಲಪ್ಪ" ಎಂದರು ಓನರ್ ಮೇಡಂ.

ಸುಮ್ನೆ ಇಂಟರ್‌ನೆಟ್ ಪ್ಲಾನ್ ದೊಡ್ಡದು ಮಾಡಿಸಿದೆ. ಡೌನ್‌ಲೋಡ್ ಹೆಚ್ಚಿತು, ಅಪ್‌ಲೋಡ್ ಮಾತ್ರ 20 ಎಂಬಿಪಿಎಸ್‌ನಲ್ಲೇ ನಿಂತಿತು. ದುಡ್ಡು ದಂಡ. ಮೊದಲೇ ಲೆಕ್ಕ ಹಾಕಬೇಕಿತ್ತು. ಮಾತನ್ನು ಅಂಕಿಗಳಾಗಿಸುವ ಜಿ.711 ಕೋಡೆಕ್‌ನಲ್ಲಿ ಮಾತಿಗೆ ಬೇಕಿರುವುದು 64 ಕೆಬಿಪಿಎಸ್, ಮಾತಿನ ತುಣುಕು (ಪ್ಯಾಕೆಟ್) ಒಂದೊಂದಕ್ಕೂ ಅಂಟುವ ವಿಳಾಸ, ಅಂದರೆ ಹೆಡರ್, ಎಲ್ಲ ಸೇರಿದರೆ ಸುಮಾರು 87. ಆರು ಕಾಲ್ ಸೇರಿದರೂ ಅರ್ಧ ಎಂಬಿಪಿಎಸ್ ಚಿಲ್ಲರೆ, ಅಷ್ಟೇ ಅಲ್ವಾ!

ಒಂದು ದಿನ ಅಲ್ಲೇ ಕೂತು ಪಿಂಗ್ ಬಿಟ್ಟೆ, ಅಂದರೆ ಒಂದು ಚಿಕ್ಕ ಸಂದೇಶ ಹೋಗಿ ಬರಲು ಎಷ್ಟು ಹೊತ್ತು ಅಂತ ನೋಡಿದೆ. ಮಧ್ಯಾಹ್ನ 12 ಮಿಲಿಸೆಕೆಂಡ್. ನಾಲ್ಕು ದಾಟಿದ ಮೇಲೆ 600. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡ್ ಒಳಗೆ ತಲುಪಿದರೆ ಒಳ್ಳೆಯದು ಅನ್ನುತ್ತದೆ ದೂರಸಂಪರ್ಕದ ಅಂತರರಾಷ್ಟ್ರೀಯ ಸಂಸ್ಥೆ ಐಟಿಯು. ಕಾರಣ ಅಕೌಂಟೆಂಟ್ ಕಂಪ್ಯೂಟರ್. ನಾಲ್ಕಕ್ಕೆ ಸರಿಯಾಗಿ ಅದರ ಬ್ಯಾಕಪ್ ಶುರು, ಅಪ್‌ಲೋಡ್ ದಾರಿಯೆಲ್ಲ ಅದರಿಂದಲೇ ತುಂಬುತ್ತಿತ್ತು.

ನಮ್ಮೂರವರಿಗೆ ಇದು ಬೇಗ ಅರ್ಥವಾಗುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ಫ್ಯಾಕ್ಟರಿ ಮುಂದೆ ಗಾಡಿಗಳ ಸಾಲು ನಿಂತಿರುತ್ತದೆ. ಹಾಲಿನ ಕ್ಯಾನ್ ಕಟ್ಟಿಕೊಂಡ ಸೈಕಲ್ಲಿನವನು ಅದರ ಹಿಂದೆ ಸಿಕ್ಕಿಕೊಂಡರೆ ಗತಿ ಏನು? ಕಬ್ಬು ಒಂದು ಗಂಟೆ ತಡವಾದರೂ ಕಬ್ಬೇ. ಹಾಲು ಒಡೆಯುತ್ತದೆ. ತಡವಾಗಿ ಬಂದ ಮಾತಿನ ಪ್ಯಾಕೆಟ್ಟನ್ನೂ ಫೋನು ಎಸೆದುಬಿಡುತ್ತದೆ.

ಹಾಗಾದರೆ ಸೈಕಲ್ಲಿಗೆ ದಾರಿ ಬಿಡಿಸೋಣ ಎಂದು ಫೋನುಗಳ ಪ್ಯಾಕೆಟ್ಟಿಗೆ ಡಿಎಸ್‌ಸಿಪಿ 46 ಎಂಬ, 'ಇದು ತುರ್ತು' ಅನ್ನುವ ಗುರುತು ಹಾಕಿದೆ, ರೂಟರ್‌ನಲ್ಲಿ ಅದಕ್ಕೆ ಮೊದಲ ಸ್ಥಾನ ಕೊಟ್ಟೆ. ಏನೂ ಬದಲಾಗಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು: ಸಾಲು ನಿಲ್ಲುತ್ತಿದ್ದುದು ನನ್ನ ರೂಟರ್‌ನಲ್ಲಿ ಅಲ್ಲ, ಅದರಾಚೆಯ ಫೈಬರ್ ಡಬ್ಬಿಯಲ್ಲಿ. ಆ ಡಬ್ಬಿ ನನ್ನ ಗುರುತು ನೋಡುತ್ತಲೇ ಇರಲಿಲ್ಲ.

ಸಾಲನ್ನೇ ನನ್ನ ಕಡೆಗೆ ಎಳೆದುಕೊಳ್ಳಬೇಕಿತ್ತು. ರೂಟರಿಗೆ ಮುಕ್ತ ತಂತ್ರಾಂಶ ಓಪನ್‌ಡಬ್ಲ್ಯುಆರ್‌ಟಿ ಹಾಕಿ, ಸಾಲು ನಿಭಾಯಿಸುವ ಅದರ ಸೌಲಭ್ಯ ಎಸ್‌ಕ್ಯೂಎಂನಲ್ಲಿ 'ಕೇಕ್' ಎಂಬ ವಿಧಾನ ಆರಿಸಿ, ಅಪ್‌ಲೋಡ್ ಮಿತಿ 18 ಎಂಬಿಪಿಎಸ್‌ಗೆ ಕಟ್ಟಿದೆ. ಈಗ ಡಬ್ಬಿ ತುಂಬುವುದೇ ಇಲ್ಲ. ಯಾರು ಮೊದಲು ಹೋಗಬೇಕು ಅನ್ನುವುದು ರೂಟರ್ ಕೈಯಲ್ಲಿದೆ. 46ರ ಗುರುತಿಗೂ ಈಗ ಬೆಲೆ ಬಂತು.

"20ಕ್ಕೆ ದುಡ್ಡು ಕೊಟ್ಟು 2 ಬಿಟ್ಟುಬಿಡೋದಾ?" ಎಂದರು ಮೇಡಂ. ನಾನು ಉತ್ತರ ಕೊಡಲಿಲ್ಲ. ಬ್ಯಾಕಪ್ ಓಡುತ್ತಿರುವಾಗಲೇ ಅವರ ಮೊಬೈಲಿಗೆ ಆಫೀಸ್ ಫೋನಿನಿಂದ ಕಾಲ್ ಮಾಡಿದೆ. ಮಾತು ಒಂದು ಕಡೆಯೂ ಕಡಿಯಲಿಲ್ಲ. ಪಿಂಗ್ 25ರ ಆಸುಪಾಸಿನಲ್ಲೇ ಇತ್ತು.

ಹಿಂದಿನ ರೂಮಿನಲ್ಲಿ ವೈಫೈ ಲ್ಯಾಪ್‌ಟಾಪಿನಿಂದ ಕಾಲ್ ಮಾಡುವ ಹುಡುಗನ ಮಾತು ಮಾತ್ರ ಇನ್ನೂ ಕಡಿಯುತ್ತಿತ್ತು. ನಡುವೆ ಎರಡು ದಪ್ಪ ಗೋಡೆ. ಅದಕ್ಕೆ ಯಾವ ಸೆಟ್ಟಿಂಗೂ ಹುಡುಕಲಿಲ್ಲ, ಕೇಬಲ್ ಎಳೆದೆ.